ಮೈಸೂರು ದೊಡ್ಡದಾ, ಧಾರವಾಡ ದೊಡ್ಡದಾ?

ಪ್ರಶ್ನೆ: ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದವನು. ನನ್ನ ಹೆಂಡತಿ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯವಳು. ಇಪ್ಪತ್ತೈದು ವರ್ಷದಿಂದ ನಮ್ಮನೆಯಲ್ಲಿ ಇದೊಂದು ತಮಾಷೆಯ ಜಗಳ. ಈಗ ತಮಾಷೆ ಉಳಿದಿಲ್ಲ. ಮಗಳು ಇತಿಹಾಸದಲ್ಲಿ ಎಂ.ಎ. ಸೇರಬೇಕು. ನಾನು ಒಂದು ಕಡೆ ಎಳೆಯುತ್ತೇನೆ, ಅವಳಮ್ಮ ಇನ್ನೊಂದು ಕಡೆ. ಮಗಳು ಮೊಬೈಲಿನಲ್ಲಿ ರ‍್ಯಾಂಕಿಂಗ್ ಪಟ್ಟಿ ತೋರಿಸುತ್ತಾಳೆ. ಸರ್, ಒಂದು ವಿಶ್ವವಿದ್ಯಾಲಯ ದೊಡ್ಡದು ಅಂತ ಯಾವುದನ್ನು ನೋಡಿ ಹೇಳಬೇಕು?

ಉತ್ತರ: ನಿಮ್ಮ ಮನೆಯ ಜಗಳ ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಯಾವ ವಿಚಾರ ಸಂಕಿರಣಕ್ಕೆ ಹೋದರೂ ಮಧ್ಯಾಹ್ನದ ಊಟದ ಸಾಲಿನಲ್ಲಿ ಇದೇ ಮಾತು. ಮೈಸೂರಿನವರು ಕುವೆಂಪು ಅಂತಾರೆ. ಧಾರವಾಡದವರು ಬೇಂದ್ರೆ ಅಂತಾರೆ. ಸಾರು ಬರುವ ಹೊತ್ತಿಗೆ ಜ್ಞಾನಪೀಠದ ಲೆಕ್ಕ ಶುರುವಾಗಿರುತ್ತದೆ.

ಆ ಲೆಕ್ಕವನ್ನೇ ಮೊದಲು ಮುಗಿಸಿಬಿಡೋಣ. ಕನ್ನಡಕ್ಕೆ ಬಂದ ಜ್ಞಾನಪೀಠ ಎಂಟು. ಕುವೆಂಪು ಮಹಾರಾಜಾ ಕಾಲೇಜಿನಲ್ಲಿ ಓದಿ, ಅಲ್ಲೇ ಮೇಷ್ಟ್ರಾಗಿ, 1956ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದವರು. ಅನಂತಮೂರ್ತಿಯವರೂ ಮೈಸೂರಿನ ಎಂ.ಎ. ಸರಿ, ಮೈಸೂರಿಗೆ ಎರಡು. ಗೋಕಾಕ, ಕಾರ್ನಾಡ, ಕಂಬಾರ ಮೂವರೂ ಧಾರವಾಡದಲ್ಲಿ ಓದಿದವರು. ಅಲ್ಲಿಗೆ ಮೂರು. ಬೇಂದ್ರೆ ಸೇರಿ ನಾಲ್ಕು ಅಂತ ನೀವು ಹೇಳ್ತೀರಿ, ಗೊತ್ತು. ಆದರೆ ಬೇಂದ್ರೆ ಬಿ.ಎ. ಮಾಡಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಧಾರವಾಡಕ್ಕೆ ಕಾಲೇಜು ಬಂದಿದ್ದೇ 1917ರಲ್ಲಿ. ಬೇಂದ್ರೆ 1918ಕ್ಕೆ ಡಿಗ್ರಿ ಮುಗಿಸಿ ಊರಿಗೆ ಬಂದಾಗಿತ್ತು. ಮುಂದೆ ಅವರು ಕಾಲೇಜಿನಲ್ಲಿ ಪಾಠ ಹೇಳಿದ್ದು ಸೊಲ್ಲಾಪುರದಲ್ಲಿ. ಮಾಸ್ತಿಯವರ ಎಂ.ಎ. ಮದರಾಸಿನದು. ಕಾರಂತರು ಗಾಂಧೀಜಿಯ ಕರೆ ಕೇಳಿ ಕಾಲೇಜನ್ನೇ ಬಿಟ್ಟವರು. ಅವರನ್ನು ಯಾರ ಖಾತೆಗೆ ಹಾಕೋಣ?

ಇನ್ನೂ ಕೆದಕಿದರೆ ಲೆಕ್ಕ ಇನ್ನೂ ಕೆಡುತ್ತದೆ. ಗೋಕಾಕರು ಓದುವಾಗ ಧಾರವಾಡದಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಕರ್ನಾಟಕ ಕಾಲೇಜು ಮುಂಬಯಿ ವಿಶ್ವವಿದ್ಯಾಲಯದ ಕೈಕೆಳಗಿತ್ತು. ಆಮೇಲೆ ಅವರು ಆಕ್ಸ್‌ಫರ್ಡಿಗೆ ಹೋದರು, ಮುಂದೆ ಬೆಂಗಳೂರಿನಲ್ಲಿ ಕುಲಪತಿಯಾದರು. ಕಾರ್ನಾಡರು ಧಾರವಾಡದಲ್ಲಿ ಓದಿದ್ದು ನಾಟಕವನ್ನಲ್ಲ, ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನು. ಅನಂತಮೂರ್ತಿಯವರ ಪಿಎಚ್.ಡಿ. ಬರ್ಮಿಂಗ್‌ಹ್ಯಾಮಿನದು. ಕಂಬಾರರು ಎರಡು ದಶಕಕ್ಕಿಂತ ಜಾಸ್ತಿ ಪಾಠ ಮಾಡಿದ್ದು ಬೆಂಗಳೂರಿನಲ್ಲಿ, ಕಟ್ಟಿದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನು. ಈ ಎಂಟು ಜನರಲ್ಲಿ ಒಂದೇ ವಿಶ್ವವಿದ್ಯಾಲಯದಲ್ಲಿ ಬೇರು ಬಿಟ್ಟು ಕೂತವರು ಅಂದರೆ ಕುವೆಂಪು ಒಬ್ಬರೇ. ಮಿಕ್ಕವರೆಲ್ಲ ಬಂದವರು, ಹೋದವರು, ಬಿಟ್ಟವರು.

ಈ ಬಂದು ಹೋಗುವವರ ವಿಷಯದಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ ಅಂತ ನನಗನ್ನಿಸುತ್ತದೆ.

ನಿಮ್ಮ ಮನೆಯವರಿಗೆ ಖುಷಿಯಾಗುವ ಒಂದು ಕಥೆ ಹೇಳುತ್ತೇನೆ. ಕಥೆಯ ಕೊನೆಗೆ ಅವರಿಗೂ ಸ್ವಲ್ಪ ಕಸಿವಿಸಿ ಆಗಬಹುದು. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದರು. ಅವರು ಊರು ಬಿಡುವ ದಿನ ಹುಡುಗರು ಗಾಡಿಯ ಕುದುರೆ ಬಿಚ್ಚಿದರು. ಗಾಡಿಗೆ ಹೂವಿನ ಅಲಂಕಾರ ಮಾಡಿ, ತಾವೇ ನೊಗ ಹಿಡಿದು ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರು. ಈ ಪ್ರಸಂಗ ಎಲ್ಲರಿಗೂ ಗೊತ್ತು. ಶಿಕ್ಷಕರ ದಿನಾಚರಣೆಯ ಭಾಷಣದಲ್ಲಿ ಇದು ಇಲ್ಲದಿದ್ದರೆ ಭಾಷಣ ಮುಗಿಯುವುದಿಲ್ಲ. ಆದರೆ ಆ ರೈಲು ಎಲ್ಲಿಗೆ ಹೊರಟಿತ್ತು ಅಂತ ಯಾರೂ ಕೇಳುವುದಿಲ್ಲ. ಕಲ್ಕತ್ತಾಕ್ಕೆ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಅಶುತೋಷ್ ಮುಖರ್ಜಿ ದೇಶದ ಮೂಲೆಮೂಲೆಯಿಂದ ಒಳ್ಳೆಯ ಮೇಷ್ಟ್ರುಗಳನ್ನು ಹೆಕ್ಕಿ ತರುತ್ತಿದ್ದರು. ರಾಮನ್ ಅವರನ್ನು ಹಣಕಾಸು ಇಲಾಖೆಯ ಕೆಲಸ ಬಿಡಿಸಿ ಪ್ರೊಫೆಸರ್ ಮಾಡಿದ್ದೂ ಇವರೇ. ಮೈಸೂರು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವಕ್ಕೆ, 1918ರಲ್ಲಿ, ಭಾಷಣ ಮಾಡಲು ಕರೆದಿದ್ದೂ ಇದೇ ಅಶುತೋಷ್ ಮುಖರ್ಜಿಯವರನ್ನು. ಮನೆಗೆ ಕರೆದು ಊಟ ಹಾಕಿದ ಅತಿಥಿ ಮೂರು ವರ್ಷದಲ್ಲಿ ಮನೆಯ ದೀಪವನ್ನೇ ಹೊತ್ತುಕೊಂಡು ಹೋದ ಹಾಗಾಯಿತು, ಅಲ್ವಾ?

ಆದರೆ ಕಲ್ಕತ್ತಾದಲ್ಲಿ ರಾಧಾಕೃಷ್ಣನ್ ಹೋಗಿ ಕೂತ ಪೀಠ ಸುಮ್ನೆ ಖಾಲಿಯಾಗಿರಲಿಲ್ಲ. ಅದಕ್ಕೆ ಮೊದಲು ಅಲ್ಲಿ ಇದ್ದವರು ಬ್ರಜೇಂದ್ರನಾಥ ಸೀಲ್. ಅವರನ್ನು ಅಲ್ಲಿಂದ ಕರೆತಂದು ಕುಲಪತಿ ಮಾಡಿಕೊಂಡಿದ್ದು ಮೈಸೂರು! ಹತ್ತಿರ ಹತ್ತಿರ ಒಂದು ದಶಕ ಸೀಲ್ ಇಲ್ಲಿ ಇದ್ದರು. ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಸಿ.ಆರ್. ರೆಡ್ಡಿ ಮುಂದೆ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಅವರ ನಂತರ ಆ ಕುರ್ಚಿಗೆ ಬಂದವರು ಯಾರು ಗೊತ್ತಾ? ಇದೇ ರಾಧಾಕೃಷ್ಣನ್. ಕಲ್ಕತ್ತಾ, ಮೈಸೂರು, ಆಂಧ್ರ ವಿಶ್ವವಿದ್ಯಾಲಯದ ವಾಲ್ಟೇರು ಒಂದರ ಮೇಲೊಂದು ಪೈಪೋಟಿಗೆ ಬಿದ್ದಿದ್ದವು, ನಿಜ. ಆದರೆ ಪೈಪೋಟಿ ಯಾವುದಕ್ಕೆ ಅಂದರೆ ಒಳ್ಳೆಯ ಮನುಷ್ಯರಿಗೆ. ಅವರು ನಮ್ಮೂರಿನವರಾ, ನಮ್ಮಲ್ಲೇ ಓದಿದವರಾ, ನಮ್ಮ ಪ್ರೊಫೆಸರ ಶಿಷ್ಯರಾ ಅಂತ ಯಾರೂ ಕೇಳಲಿಲ್ಲ.

ಇಲ್ಲಿ ನನ್ನ ಹೊಟ್ಟೆಯುರಿಯ ಮಾತೊಂದು. ಈಗಿನ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪೈಪೋಟಿ ಇರುವುದು ಮನುಷ್ಯರನ್ನು ತರುವುದಕ್ಕಲ್ಲ, ಬರದ ಹಾಗೆ ನೋಡಿಕೊಳ್ಳುವುದಕ್ಕೆ. ಇಲ್ಲಿ ಬಿ.ಎ., ಇಲ್ಲೇ ಎಂ.ಎ., ಇಲ್ಲೇ ಪಿಎಚ್.ಡಿ., ಗೈಡ್ ನಿವೃತ್ತರಾದ ಮೇಲೆ ಅದೇ ಕೋಣೆ, ಅದೇ ಮೇಜು, ಕಡೆಗೆ ಅದೇ ನೋಟ್ಸು. ನಾನು ಕೆಲಸ ಮಾಡಿದ ವಿಭಾಗದಲ್ಲಿ ಒಂದು ಹಂತದಲ್ಲಿ ಏಳು ಜನ ಮೇಷ್ಟ್ರು. ಏಳರಲ್ಲಿ ಆರು ಜನ ಅದೇ ವಿಭಾಗದಲ್ಲಿ ಓದಿದವರು. ಏಳನೆಯವನು ನಾನು. ಹದಿನೈದು ವರ್ಷವಾದರೂ ಟೀ ಕುಡಿಯುವಾಗ ನನ್ನನ್ನು ‘ಹೊರಗಿನವರು’ ಅಂತಲೇ ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು ಬಿಡಿ. ಆದರೆ ಆ ಏಳು ಜನ ಹತ್ತು ವರ್ಷದಲ್ಲಿ ಒಂದೇ ಒಂದು ವಿಷಯಕ್ಕೂ ಗಟ್ಟಿಯಾಗಿ ಜಗಳವಾಡಿದ್ದು ನಾನು ನೋಡಲಿಲ್ಲ. ಗುರುವಿನ ಮಾತಿಗೆ ಎದುರು ಹೇಳುವುದು ಹೇಗೆ?

ಜಗಳ ಅಂದೆ. ಒಳ್ಳೆಯ ಜಗಳ ಹೇಗಿರುತ್ತದೆ ಅಂತ ನನಗೆ ಕಲಿಸಿದ್ದು ಒಂದು ವೀರಗಲ್ಲು.

ನಾನಾಗ ಎಂ.ಎ. ಎರಡನೇ ವರ್ಷ. ನಮ್ಮ ಮೇಷ್ಟ್ರು ಹಳ್ಳಿಯೊಂದಕ್ಕೆ ಶಾಸನದ ಅಚ್ಚು ತೆಗೆಯಲು ಕರೆದುಕೊಂಡು ಹೋಗಿದ್ದರು. ಕೆರೆ ಏರಿಯ ಪಕ್ಕ ಕಲ್ಲು. ಅರ್ಧ ಮಣ್ಣಿನಲ್ಲಿ ಹೂತಿತ್ತು. ಅಗೆದು, ನೀರು ಹಾಕಿ, ಬ್ರಷ್ಷಿನಿಂದ ತಿಕ್ಕಿ ತೊಳೆದೆವು. ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ಮೆಲ್ಲಗೆ ಬಡಿದೆವು. ಕಾಗದ ಅಕ್ಷರದ ಕುಳಿಯೊಳಗೆ ಇಳಿದ ಮೇಲೆ ಮಸಿ ಉಂಡೆ ಒತ್ತಿದೆವು. ಕಪ್ಪು ಕಾಗದದ ಮೇಲೆ ಬಿಳಿ ಅಕ್ಷರ ಎದ್ದು ಬಂತು. ಕಲ್ಲಿನಲ್ಲಿ ವರ್ಷ ಇರಲಿಲ್ಲ. ಒಂದು ಅಕ್ಷರ ಮಾತ್ರ ಸವೆದು ಹೋಗಿತ್ತು. ಅದು ‘ಳ’ ಅಂದರು ನಮ್ಮ ಮೇಷ್ಟ್ರು. ನಮ್ಮ ಜೊತೆಗೆ ಬಂದಿದ್ದ ಇನ್ನೊಬ್ಬರು, ಬೇರೆ ವಿಶ್ವವಿದ್ಯಾಲಯದವರು, ಅಲ್ಲ, ಅದು ‘ೞ’ ಅಂದರು. ನಮಗೆ ಹುಡುಗರಿಗೆ ನಗು. ಒಂದು ಅಕ್ಷರಕ್ಕೆ ಇಷ್ಟು ರಂಪವೇ? ಆದರೆ ಹಳಗನ್ನಡದ ಆ ೞಕಾರ ಕಾಲ ಕಳೆದ ಹಾಗೆ ಮರೆಯಾಗಿ ಅದರ ಜಾಗಕ್ಕೆ ಳ ಬಂತು. ಅದು ೞ ಆದರೆ ಕಲ್ಲು ಹಳೆಯದಾಗುವ ಸಂಭವ ಜಾಸ್ತಿ. ಳ ಆದರೆ ಈಚೆಗೆ ಬರಬಹುದು. ಒಬ್ಬ ಸತ್ತ ವೀರನಿಗೆ ನೂರು ವರ್ಷ ಹೆಚ್ಚೋ ಕಡಿಮೆಯೋ ಆಗುತ್ತದೆ.

ಇಬ್ಬರೂ ಬಿಸಿಲಿನಲ್ಲಿ ಮಂಡಿಯೂರಿ ಕೂತು ಒಂದು ಗಂಟೆ ವಾದ ಮಾಡಿದರು. ಬುತ್ತಿ ಬಿಚ್ಚಿದಾಗಲೂ ವಾದ ನಿಲ್ಲಲಿಲ್ಲ. ರೊಟ್ಟಿ ಮುರಿಯುತ್ತಾ ‘ನಿಮ್ಮ ಕಡೆಯವರಿಗೆ ಕಣ್ಣು ಸ್ವಲ್ಪ ಮಂದ’ ಅಂದರು ಒಬ್ಬರು. ‘ನಿಮ್ಮ ಕಡೆಯವರಿಗೆ ಕಲ್ಪನೆ ಜಾಸ್ತಿ’ ಅಂದರು ಇನ್ನೊಬ್ಬರು. ಎರಡು ವರ್ಷ ಆದ ಮೇಲೆ ನಮ್ಮ ಮೇಷ್ಟ್ರಿಗೆ ಒಂದು ಕಾರ್ಡು ಬಂತು. ಮಳೆಗಾಲದ ಮುಂಜಾನೆ ಓರೆ ಬೆಳಕಿನಲ್ಲಿ ಕಲ್ಲನ್ನು ಮತ್ತೆ ನೋಡಿದೆ, ನೀವು ಹೇಳಿದ್ದೇ ಸರಿ, ಅದು ಳ ಅಂತ ಬರೆದಿದ್ದರು. ಅದಕ್ಕಾಗಿ ಅವರು ತಮ್ಮ ಕೈ ಖರ್ಚಿನಲ್ಲಿ ಬಸ್ಸು ಹತ್ತಿ ಆ ಹಳ್ಳಿಗೆ ಮತ್ತೆ ಹೋಗಿದ್ದರು. ಮೇಷ್ಟ್ರು ಆ ಕಾರ್ಡನ್ನು ತಮ್ಮ ನಿಘಂಟಿನೊಳಗೆ ‘ಳ’ ಅಕ್ಷರದ ಪುಟದಲ್ಲಿ ಇಟ್ಟುಕೊಂಡಿದ್ದರು. ಗೆದ್ದೆ ಅಂತ ಒಂದು ದಿನವೂ ಹೇಳಿಕೊಳ್ಳಲಿಲ್ಲ. ಆದರೆ ಪ್ರತಿ ವರ್ಷದ ಬ್ಯಾಚಿಗೂ ತೆಗೆದು ತೋರಿಸುತ್ತಿದ್ದರು. ಹೇಳಿಕೊಂಡ ಹಾಗೇ ಆಯಿತಲ್ಲ ಅಂತ ನಾವು ಹಿಂದೆ ನಗುತ್ತಿದ್ದೆವು.

ನಿಮ್ಮ ಮಗಳು ಇತಿಹಾಸ ಓದುತ್ತಾಳೆ ಅಂದಿದ್ದಕ್ಕೆ ಇದನ್ನು ಇಷ್ಟು ಉದ್ದ ಹೇಳಿದೆ.

ಈಗ ಎರಡನೆಯ ಮಾತು. ವಿಶ್ವವಿದ್ಯಾಲಯ ಕಟ್ಟುವ ಮುಂಚೆ ಮೈಸೂರಿನವರು ಏನು ಯೋಚನೆ ಮಾಡಿದ್ದರು ಅನ್ನುವುದನ್ನು ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿ. ಆಗ ಇಲ್ಲಿನ ಕಾಲೇಜುಗಳೆಲ್ಲ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ನಮ್ಮದೇ ಒಂದು ಬೇಕು ಅಂತ ಆಯಿತು. ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್ಹ್ಯಾಮ್ ಅವರು ಬೇರೆ ದೇಶಗಳಲ್ಲಿ ಉನ್ನತ ಶಿಕ್ಷಣ ಹೇಗೆ ನಡೆಯುತ್ತಿದೆ ಅಂತ ನೋಡಿ ವರದಿ ಕೊಟ್ಟರು. ಅದರಲ್ಲಿ ಮೂರು ಮಾದರಿ ಆರಿಸಿಕೊಂಡರು. ಹೊಸ ಸಂಶೋಧನೆಗೆ ಶಿಕಾಗೊ. ಕಲಿಕೆಯನ್ನು ಜನರ ಮನೆ ಬಾಗಿಲಿಗೆ ಒಯ್ಯುವುದಕ್ಕೆ ವಿಸ್ಕಾನ್ಸಿನ್. ಸಾರ್ವಜನಿಕ ಬದುಕಿಗೆ ಹುಡುಗರನ್ನು ತಯಾರು ಮಾಡುವುದಕ್ಕೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್. ಮದರಾಸನ್ನು ಮೀರಿಸಬೇಕು ಅಂತ ಹೊರಟವರು ಮದರಾಸಿನ ಕಡೆ ನೋಡುತ್ತಾ ಕೂರಲಿಲ್ಲ. 1916ರ ಜುಲೈ 27ರಂದು ವಿಶ್ವವಿದ್ಯಾಲಯ ಹುಟ್ಟಿತು. ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ.

ಈ ಮೂರರಲ್ಲಿ ನನಗೆ ಅಚ್ಚುಮೆಚ್ಚು ವಿಸ್ಕಾನ್ಸಿನ್ನಿನದು. 1930ರ ದಶಕದಲ್ಲಿ ಮೈಸೂರಿನ ಮೇಷ್ಟ್ರುಗಳು ಹಳ್ಳಿ, ಪೇಟೆಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡಲು ಶುರು ಮಾಡಿದರು. ಪ್ರಚಾರೋಪನ್ಯಾಸ ಅಂತ ಅದಕ್ಕೆ ಹೆಸರು. ಆಮೇಲೆ ಅವೇ ಉಪನ್ಯಾಸಗಳು ಅಂಗೈಯಗಲದ ಪುಸ್ತಕಗಳಾದವು. ನಕ್ಷತ್ರದ ಮೇಲೊಂದು, ರೋಗದ ಮೇಲೊಂದು, ಪಂಪನ ಮೇಲೊಂದು. ನಮ್ಮಜ್ಜ ಹೈಸ್ಕೂಲು ಕಂಡವರಲ್ಲ. ಅವರ ಪೆಟ್ಟಿಗೆಯಲ್ಲಿ ಪಂಚಾಂಗದ ಕೆಳಗೆ ಅಂಥ ನಾಲ್ಕು ಪುಸ್ತಕ ಇದ್ದವು. ಒಂದರ ಅಂಚಿನಲ್ಲಿ ಪೆನ್ಸಿಲಿನಿಂದ ‘ಇದು ನಿಜವೇ?’ ಅಂತ ಬರೆದಿದ್ದರು. ಎಲ್ಲೋ ಒಂದು ಹಳ್ಳಿಯ ಜಗಲಿಯಲ್ಲಿ ಕೂತ ಮನುಷ್ಯ ಪ್ರೊಫೆಸರ ಮಾತಿಗೆ ಪ್ರಶ್ನೆ ಹಾಕಿದ್ದಾನೆ. ಇದಕ್ಕೆ ಎಷ್ಟು ಅಂಕ ಕೊಡ್ತೀರಿ?

ಶಿಕಾಗೊ ಮಾದರಿಗೂ ಒಂದು ಬಾಲ ಇದೆ. ಮೈಸೂರಿನಲ್ಲಿ ಓದಿದ ಎ.ಕೆ. ರಾಮಾನುಜನ್ ಬೆಳಗಾವಿಯ ಕಾಲೇಜಿನಲ್ಲಿ ಕೆಲವು ವರ್ಷ ಪಾಠ ಮಾಡಿದರು. ಅಂದರೆ ನಿಮ್ಮ ಸೀಮೆಯಲ್ಲಿ. ಆಮೇಲೆ ಹೋಗಿ ನೆಲೆಸಿದ್ದು ಶಿಕಾಗೊ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಕೂತು ಬಸವಣ್ಣ, ಅಲ್ಲಮ, ಅಕ್ಕನ ವಚನಗಳನ್ನು ಇಂಗ್ಲಿಷಿಗೆ ತಂದರು. ಶಿಕಾಗೊದಿಂದ ತಂದ ಸಾಲವನ್ನು ಮೈಸೂರು ಹೀಗೆ ತೀರಿಸಿತು ಅಂತ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಧಾರವಾಡದ ಹುಡುಗರು ಇದ್ದರೆ ಬೆಳಗಾವಿಯನ್ನು ಒತ್ತಿ ಹೇಳುತ್ತಿದ್ದೆ.

ಹೋದವರ ಮಾತಾಯಿತು. ಉಳಿದವರ ಮಾತು? ರಾಧಾಕೃಷ್ಣನ್ ಗಾಡಿ ಸ್ಟೇಷನ್ನಿಗೆ ಹೋದ ಮೇಲೂ ಮೈಸೂರಿನಲ್ಲಿ ಎಂ. ಹಿರಿಯಣ್ಣ ಉಳಿದರು. ಹಿಂದೆ ಹಳೇ ಹಸ್ತಪ್ರತಿಗಳ ಓರಿಯಂಟಲ್ ಲೈಬ್ರರಿಯಲ್ಲಿ ಕೆಲಸ ಮಾಡಿದ್ದವರು, ಮಹಾರಾಜಾ ಕಾಲೇಜಿನ ಸಂಸ್ಕೃತದ ಮೇಷ್ಟ್ರು. ವರ್ಷದ ಮೇಲೆ ವರ್ಷ ಭಾರತೀಯ ದರ್ಶನಗಳ ಬಗ್ಗೆ ಪಾಠ ಮಾಡಿದರು. ಆ ಪಾಠಗಳೇ ಮಾಗಿ ಮಾಗಿ 1932ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು. ಇವತ್ತಿಗೂ ತತ್ವಶಾಸ್ತ್ರದ ಹುಡುಗರು ಅದನ್ನು ಓದುತ್ತಾರೆ. ಅವರ ಗಾಡಿಯನ್ನು ಯಾರಾದರೂ ಎಳೆದರಾ? ಎಳೆದಿದ್ದರೆ ಬಹುಶಃ ಅವರಿಗೇ ಸಂಕೋಚ ಆಗುತ್ತಿತ್ತು.

ಅದೇ ಓರಿಯಂಟಲ್ ಲೈಬ್ರರಿ ನೋಡಿ. 1891ರಲ್ಲಿ ಶುರುವಾಗಿದ್ದು, 1916ರಲ್ಲಿ ವಿಶ್ವವಿದ್ಯಾಲಯದ ತೆಕ್ಕೆಗೆ ಬಂತು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ತಂದು ಅಲ್ಲಿಗೆ ಕೊಟ್ಟರು. ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ಓದಿದರು. ಕೌಟಿಲ್ಯನ ಅರ್ಥಶಾಸ್ತ್ರ! ಹೆಸರು ಮಾತ್ರ ಎಲ್ಲರೂ ಕೇಳಿದ್ದರು, ಗ್ರಂಥ ಕಳೆದೇ ಹೋಗಿದೆ ಅಂದುಕೊಂಡಿದ್ದರು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಆ ಪಂಡಿತರು ಕಟ್ಟು ತಂದ ದಿನ ಬಾಗಿಲಲ್ಲಿ ಯಾರಾದರೂ ‘ಸಾಹೇಬರಿಲ್ಲ, ನಾಳೆ ಬನ್ನಿ’ ಅಂದಿದ್ದರೆ ಏನಾಗುತ್ತಿತ್ತು ಅಂತ ನಾನು ಆಗಾಗ ಯೋಚಿಸುತ್ತೇನೆ. ಯಾಕೆಂದರೆ ನಾನು ಆ ಮಾತನ್ನು ಬೇಕಾದಷ್ಟು ಬಾಗಿಲುಗಳಲ್ಲಿ ಕೇಳಿದ್ದೇನೆ.

ನಿಮ್ಮ ಧಾರವಾಡವೂ ಈ ನಿಧಾನದ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಆರ್.ಸಿ. ಹಿರೇಮಠ, ಎಂ.ಎಂ. ಕಲಬುರ್ಗಿ ಅಂಥವರು ವಚನಗಳ ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಅವುಗಳ ಪಠ್ಯವನ್ನು ಶುದ್ಧ ಮಾಡಿದರು. ಇಲ್ಲೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ವಚನಗಳನ್ನು ಮೊದಲು ಹುಡುಕಿ, ಜೋಡಿಸಿ, ಸ್ವಂತ ಛಾಪಖಾನೆ ಹಾಕಿ ಅಚ್ಚು ಮಾಡಿದವರು ಯಾವ ವಿಶ್ವವಿದ್ಯಾಲಯದವರೂ ಅಲ್ಲ. ವಿಜಯಪುರದ ವಕೀಲರು, ಫ.ಗು. ಹಳಕಟ್ಟಿ. ಹೊರಗೆ ಒಬ್ಬರು ಒಂಟಿಯಾಗಿ ಮಾಡಿದ ಕೆಲಸವನ್ನು ಮರ್ಯಾದೆಯಿಂದ ಎತ್ತಿಕೊಂಡು ಮುಂದಕ್ಕೆ ಒಯ್ದಿದ್ದು ಧಾರವಾಡದ ದೊಡ್ಡತನ. ಮೈಸೂರಿನವರು ಇಂಗ್ಲಿಷ್-ಕನ್ನಡ ನಿಘಂಟು ಮಾಡಿದರು, 1946ರಲ್ಲಿ ಬಂತು. ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂತು, 14 ಸಂಪುಟ ಮುಗಿಯುವಷ್ಟರಲ್ಲಿ ಶುರು ಮಾಡಿದವರಲ್ಲಿ ಎಷ್ಟೋ ಜನ ನಿವೃತ್ತರಾಗಿದ್ದರು. ಇಂಥ ಕೆಲಸಕ್ಕೆ ಅಂಗಡಿಯವನು ದುಡ್ಡು ಹಾಕುವುದಿಲ್ಲ, ಸರಕಾರಕ್ಕೆ ಐದು ವರ್ಷಕ್ಕಿಂತ ಮುಂದೆ ಕಾಣುವುದಿಲ್ಲ. ಮಾಡಿದರೆ ವಿಶ್ವವಿದ್ಯಾಲಯ ಮಾಡಬೇಕು.

ಇನ್ನು ಊರಿಗೂ ಊರಿಗೂ ನಡುವಿನ ಜಗಳ. ಇದು ನಮ್ಮದೊಂದೇ ರೋಗವಲ್ಲ. 1209ರಲ್ಲಿ ಆಕ್ಸ್‌ಫರ್ಡ್ ಊರಿನವರ ಜೊತೆ ಹೊಡೆದಾಟ ಆಗಿ, ಕೆಲವು ವಿದ್ಯಾರ್ಥಿಗಳನ್ನು ಗಲ್ಲಿಗೆ ಹಾಕಿ, ಹೆದರಿ ಓಡಿದವರು ಕೇಂಬ್ರಿಡ್ಜಿನಲ್ಲಿ ನೆಲೆ ನಿಂತರು. ಎಂಟುನೂರು ವರ್ಷವಾಯಿತು, ಇನ್ನೂ ಮುನಿಸು ಹೋಗಿಲ್ಲ. 1829ರಿಂದ ದೋಣಿ ಸ್ಪರ್ಧೆ ಬೇರೆ. ಅಮೆರಿಕದ ಯೇಲನ್ನು 1701ರಲ್ಲಿ ಕಟ್ಟಿದ ಪಾದ್ರಿಗಳಲ್ಲಿ ಹೆಚ್ಚಿನವರು ಹಾರ್ವರ್ಡಿನಲ್ಲಿ ಓದಿದವರು. ನಮ್ಮಲ್ಲೂ ಅಷ್ಟೇ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಆದಾಗ ಸೆಂಟ್ರಲ್ ಕಾಲೇಜು ಮೈಸೂರಿನ ಕೈಬಿಟ್ಟು ಹೋಯಿತು. ಮೈಸೂರಿನದೇ ಆಗಿದ್ದ ಕೊಣಾಜೆಯ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆಯಿತು. ಅದೇ ವರ್ಷ ಧಾರವಾಡದ ಮಡಿಲಿನಿಂದ ಗುಲ್ಬರ್ಗ ಎದ್ದು ಹೋಯಿತು. ಎದುರಾಳಿ ಅಂತ ನಾವು ಕರೆಯುವುದು ಹೆಚ್ಚಿನ ಸಲ ಮನೆ ಬಿಟ್ಟ ಮಗಳನ್ನೇ. ಕುವೆಂಪು ಇಟ್ಟ ಮಾನಸಗಂಗೋತ್ರಿ ಅನ್ನುವ ಹೆಸರನ್ನು ನೋಡಿಯೇ ಕೊಣಾಜೆಯವರು ಮಂಗಳಗಂಗೋತ್ರಿ ಅಂತ ಇಟ್ಟುಕೊಂಡರು. ತವರಿನ ಸೀರೆ ಉಟ್ಟುಕೊಂಡು ಹೋದ ಹಾಗೆ.

ಮುನಿಸಿನ ನಡುವೆಯೂ ಜನ ಓಡಾಡುತ್ತಾರೆ. ಶ್ರೀನಿವಾಸ ರಾಮಾನುಜನ್ ಅವರನ್ನು ಕೇಂಬ್ರಿಡ್ಜಿಗೆ ಕರೆಸಿಕೊಂಡ ಗಣಿತಜ್ಞ ಹಾರ್ಡಿ 1919ರಲ್ಲಿ ಆಕ್ಸ್‌ಫರ್ಡಿಗೆ ಹೋದರು, 1931ರಲ್ಲಿ ವಾಪಸ್ ಬಂದರು. ರಾಮನ್ ಪರಿಣಾಮ ಕಲ್ಕತ್ತಾದಲ್ಲಿ ಕಂಡಿದ್ದು, ಅದರ ಬಗ್ಗೆ ರಾಮನ್ ವಿಸ್ತಾರವಾಗಿ ಭಾಷಣ ಮಾಡಿದ್ದು 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ. ಪ್ರಬುದ್ಧ ಕರ್ನಾಟಕ ಪತ್ರಿಕೆ ಗೊತ್ತಲ್ಲ? 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಅದನ್ನು ಶುರು ಮಾಡಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ. ಮುಂದೆ ಅದನ್ನು ನಡೆಸಿಕೊಂಡು ಬಂದಿದ್ದು ಮೈಸೂರು. ಹುಟ್ಟಿದ ಮನೆ ಒಂದು, ಸಾಕಿದ ಮನೆ ಇನ್ನೊಂದು.

ಮಗಳು ತೋರಿಸುವ ರ‍್ಯಾಂಕಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಪೂರ್ತಿ ಸುಳ್ಳಲ್ಲ. ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ನೂರು ಅಂಕದಲ್ಲಿ ಪಾಠ ಮತ್ತು ಸೌಲಭ್ಯಕ್ಕೆ 30, ಸಂಶೋಧನೆಗೆ 30, ಓದಿ ಹೊರಬಂದವರ ಗತಿಗೆ 20, ಎಲ್ಲ ಬಗೆಯ ಜನರನ್ನು ಒಳಗೊಂಡಿದ್ದಕ್ಕೆ 10. ಇನ್ನು 10 ಅಂಕ ‘ಜನ ಏನಂತಾರೆ’ ಅನ್ನುವುದಕ್ಕೆ. ಅಂದರೆ ನೀವೂ ನಿಮ್ಮ ಮನೆಯವರೂ ಊಟದ ಹೊತ್ತಿಗೆ ಆಡುವ ಜಗಳಕ್ಕೂ ಹತ್ತು ಅಂಕ ಇದೆ! ಆದರೆ ಆ ಪಟ್ಟಿಯ ಸ್ಥಾನ ಇಡೀ ವಿಶ್ವವಿದ್ಯಾಲಯದ್ದು. ಮಗಳು ಸೇರುವುದು ಒಂದು ವಿಭಾಗಕ್ಕೆ. ರಸಾಯನಶಾಸ್ತ್ರದವರ ಲೇಖನಗಳು ಇತಿಹಾಸದ ಹುಡುಗಿಗೆ ಏನು ಕೊಡುತ್ತವೆ?

ಇನ್ನೊಂದು ಅನುಭವ. ನಾವಿದ್ದಾಗ ಮೌಲ್ಯಮಾಪನದ ತಂಡ ಬರುತ್ತದೆ ಅಂತ ಸುದ್ದಿ ಬಂತು. ಗೋಡೆಗೆ ಬಣ್ಣ, ಬಾಗಿಲಿಗೆ ತೋರಣ, ಕಾರಿಡಾರಿನ ಉದ್ದಕ್ಕೂ ಹೂವಿನ ಕುಂಡ. ತಂಡ ಹೋದ ಮಾರನೇ ದಿನ ನರ್ಸರಿಯ ಟೆಂಪೊ ಬಂತು, ಅಷ್ಟೂ ಕುಂಡಗಳನ್ನು ಹೇರಿಕೊಂಡು ಹೋಯಿತು. ಕುಂಡ ಇದ್ದ ಕಡೆ ನೆಲದ ಮೇಲೆ ಸಾಲಾಗಿ ಒದ್ದೆ ಉಂಗುರಗಳು ಉಳಿದವು. ವಿಭಾಗದ ಹಳೇ ಪುಸ್ತಕಗಳ ಬೀರುವಿನ ಬೀಗ ಮಾತ್ರ ಆ ಮೂರು ದಿನವೂ ತೆಗೆಯಲಿಲ್ಲ. ಕೀಲಿ ಯಾರ ಹತ್ತಿರ ಇದೆ ಅಂತ ಯಾರಿಗೂ ಖಚಿತವಿರಲಿಲ್ಲ.

ಹಾಗಾಗಿ ಮಗಳಿಗೆ ಹೇಳಿ. ಎರಡೂ ಕಡೆ ಒಂದೊಂದು ದಿನ ಹೋಗಿ ಬರಲಿ. ಪ್ರವೇಶದ ಗದ್ದಲದ ದಿನ ಬೇಡ, ಯಾವುದಾದರೂ ಬುಧವಾರವೋ ಗುರುವಾರವೋ, ಮಧ್ಯಾಹ್ನ ಮೂರೂವರೆ ಸುಮಾರಿಗೆ. ಮೇಷ್ಟ್ರುಗಳ ಕೋಣೆಯಲ್ಲಿ ಆ ಹೊತ್ತಿಗೆ ಯಾರಾದರೂ ಇದ್ದಾರಾ ನೋಡಲಿ. ಕಾಯಂ ಮೇಷ್ಟ್ರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಅಂತ ನಾಚಿಕೆ ಬಿಟ್ಟು ಕೇಳಲಿ. ಅತಿಥಿ ಉಪನ್ಯಾಸಕರು ಕಡಿಮೆಯವರಲ್ಲ. ಎಷ್ಟೋ ಕಡೆ ಚೆನ್ನಾಗಿ ಪಾಠ ಮಾಡುವವರು ಅವರೇ. ಆದರೆ ಬರುವ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಮನುಷ್ಯನ ಕೈಯಲ್ಲಿ ಹತ್ತು ವರ್ಷದ ಕೆಲಸ ಹಿಡಿಸಲು ಆಗುವುದಿಲ್ಲ. ಮೇಷ್ಟ್ರುಗಳಲ್ಲಿ ಎಷ್ಟು ಜನ ಬೇರೆ ಕಡೆ ಓದಿ ಬಂದವರು ಅನ್ನುವುದನ್ನೂ ವಿಚಾರಿಸಲಿ. ಕಳೆದ ವರ್ಷ ಹುಡುಗರನ್ನು ಕಲ್ಲು ನೋಡಲು, ಪತ್ರಾಗಾರಕ್ಕೆ, ಉತ್ಖನನಕ್ಕೆ ಕರೆದುಕೊಂಡು ಹೋಗಿದ್ದರಾ? ಇದನ್ನು ಮೇಷ್ಟ್ರನ್ನು ಕೇಳಬಾರದು, ಕ್ಯಾಂಟೀನಿನಲ್ಲಿ ಕೂತ ಎರಡನೇ ವರ್ಷದ ಹುಡುಗಿಯರನ್ನು ಕೇಳಬೇಕು.

ಕಡೆಗೆ ಲೈಬ್ರರಿಗೆ ಹೋಗಿ ಒಂದು ಹಳೇ ಪುಸ್ತಕ ಕೇಳಲಿ. ಶಾಸನಗಳ ಯಾವುದಾದರೂ ಒಂದು ಸಂಪುಟ. ಎಷ್ಟು ನಿಮಿಷಕ್ಕೆ ಕೈಗೆ ಬರುತ್ತದೆ, ತಂದುಕೊಟ್ಟವರ ಮುಖದಲ್ಲಿ ಸಿಡುಕು ಇದೆಯಾ, ಪುಸ್ತಕದ ಹಿಂದಿನ ಚೀಟಿಯಲ್ಲಿ ಕೊನೆಯ ತಾರೀಖು ಯಾವುದು, ನೋಡಿಕೊಂಡು ಬರಲಿ. ನಾನು ಮೈಸೂರು ಅಂತಲೂ ಹೇಳುವುದಿಲ್ಲ, ಧಾರವಾಡ ಅಂತಲೂ ಹೇಳುವುದಿಲ್ಲ. ಎರಡಕ್ಕೂ ಪುಣ್ಯದ ಗಂಟು ದೊಡ್ಡದಿದೆ. ಈ ವರ್ಷ ಆ ಗಂಟಿಗೆ ಕೈಹಾಕಿ ಖರ್ಚು ಮಾಡುವವರು ಯಾರು, ಸೇರಿಸುವವರು ಯಾರು ಅನ್ನುವುದು ಅಲ್ಲಿ ಹೋದರೇ ಗೊತ್ತಾಗುವುದು.

ಒಂದೇ ಒಂದು ವಿನಂತಿ. ಅವಳೊಬ್ಬಳೇ ಹೋಗಲಿ, ಇಲ್ಲವೇ ಒಬ್ಬ ಗೆಳತಿಯನ್ನು ಕರೆದುಕೊಂಡು ಹೋಗಲಿ. ನೀವಿಬ್ಬರೂ ಜೊತೆಗೆ ಹೋದರೆ ಗೇಟಿನಲ್ಲೇ ಶುರು ಹಚ್ಚಿಕೊಳ್ಳುತ್ತೀರಿ.